ಸಂಪಾದಕರ ಉತ್ತರ: ಕಾಡಿಗೆ ಬೀಳುವ ಪೆಟ್ಟುಗಳನ್ನು ಕೂಡಿಸಬೇಡಿ

ಚಿತ್ರದುರ್ಗ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಜೋಗಿಮಟ್ಟಿ ಗುಡ್ಡಸಾಲಿನ ಬುಡದಲ್ಲಿ ನಮ್ಮೂರು. ಗ್ರಾಮ ಅರಣ್ಯ ಸಮಿತಿಯಿಂದ ಕಾಡಿನ ಅಪಾಯಗಳ ಪಟ್ಟಿ ಮಾಡಿದೆವು. ತಲಾ ಐದು ಅಂಕಗಳಲ್ಲಿ ಬರಕ್ಕೆ 4, ಬೆಂಕಿಗೆ 3, ಲಂಟಾನ ಎಂಬ ಕಳೆಪೊದೆಗೆ 3, ರಭಸದ ಮಳೆಗೆ 2, ಒಟ್ಟು 12. ಪಕ್ಕದ ಗುಡ್ಡಕ್ಕೂ 12 ಬಂತು. ಆದರೆ ಹೂಳು ತುಂಬುತ್ತಿರುವುದು ನಮ್ಮ ಕೆರೆ ಮಾತ್ರ. ಲೆಕ್ಕ ಎಲ್ಲಿ ತಪ್ಪಿತು?"

ಮಾನ್ಯರೇ,

ಬಿಡಿ ಅಂಕಗಳಲ್ಲಿ ದೊಡ್ಡ ದೋಷವಿಲ್ಲ, ಕೂಡಿಸಿದ್ದರಲ್ಲಿದೆ. ಬರ, ಬೆಂಕಿ, ಮಳೆ ಒಂದರ ಬೆನ್ನಿಗೆ ಒಂದು ಬಂದಾಗ ಆಗುವ ನಷ್ಟ ಬಿಡಿ ನಷ್ಟಗಳ ಮೊತ್ತಕ್ಕಿಂತ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಯಾವುದು ಮೊದಲು ಬಂತು, ಎಷ್ಟು ದಿನ ಬಿಟ್ಟು ಮುಂದಿನದು ಬಂತು, ಗುಡ್ಡದ ಯಾವ ಮಗ್ಗುಲಿಗೆ ಬಂತು ಎಂಬುದೇ ಮುಖ್ಯ.

ನಿಮ್ಮ ಕೆರೆಯನ್ನೇ ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಇಳಿಜಾರಿನ ಹುಲ್ಲು, ತರಗು ಸುಟ್ಟರೆ ನೆಲಕ್ಕೆ ಹೊದಿಕೆ ಇರುವುದಿಲ್ಲ. ಭರಣಿ ಮಳೆ ರಭಸವಾಗಿ ಹೊಡೆದರೆ ಹನಿಗಳ ಏಟಿಗೆ ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚಿ, ನೀರು ಇಂಗದೆ ಹರಿದು, ಬೂದಿಯ ಜೊತೆ ಮೇಲ್ಮಣ್ಣನ್ನೂ ಹಳ್ಳಕ್ಕೆ ಎಳೆಯುತ್ತದೆ. 1 ಹೆಕ್ಟೇರಿನಲ್ಲಿ 1 ಮಿ.ಮೀ. ಮಣ್ಣು ಕೊಚ್ಚಿಹೋದರೂ ಅದು 10 ಘನ ಮೀಟರ್. ನಡುವೆ ಹದವಾದ ಮಳೆ ಬಿದ್ದು ಹುಲ್ಲು ಚಿಗುರಿದ್ದರೆ ಅದೇ ಬೆಂಕಿ, ಅದೇ ಮಳೆ ತರುವ ಹೂಳು ಬಹಳ ಕಡಿಮೆ. ಪಕ್ಕದ ಗುಡ್ಡದ ಬೆಂಕಿ ಅಲ್ಲಿನ ಕೆರೆಗೆ ನೀರು ಹರಿಯದ ಆಚೆ ಮಗ್ಗುಲಿಗೆ ಬಿದ್ದಿದ್ದರೆ ಆ ಕೆರೆಗೆ ಏನೂ ಆಗದು. ಆದರೂ ನಿಮ್ಮ ಪಟ್ಟಿಯಲ್ಲಿ ಅದಕ್ಕೂ 12 ಬೀಳುತ್ತದೆ.

ಬರ ಹೆಚ್ಚಿದಷ್ಟೂ ಬೆಂಕಿ ಹೆಚ್ಚು ಎಂಬ ಮಾತು ಮಲೆನಾಡಿನ ತೇವದ ಕಾಡಿಗೆ ಸರಿ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯ ನಮ್ಮ ಕುರುಚಲು ಕಾಡು ಪ್ರತಿ ಬೇಸಿಗೆಯಲ್ಲೂ ಒಣಗಿಯೇ ಇರುತ್ತದೆ. ಇಲ್ಲಿ ಬೆಂಕಿಯನ್ನು ತಡೆಯುವುದು ಸುಡಲು ಬೇಕಾದ ಹುಲ್ಲಿನ ಕೊರತೆ. ಒಳ್ಳೆ ಮಳೆಯ ವರ್ಷ ಎತ್ತರಕ್ಕೆ ಬೆಳೆದ ಹುಲ್ಲು ಜನವರಿ ಹೊತ್ತಿಗೆ ಒಣ ಕರಡವಾಗಿ ನಿಲ್ಲುತ್ತದೆ, ಮುಂದಿನ ಬೇಸಿಗೆಯೇ ಅಪಾಯದ್ದು. ಬರ ಎರಡು ವರ್ಷ ಎಳೆದರೆ ಹುಲ್ಲು ತೆಳುವಾಗಿ, ಉಳಿದದ್ದನ್ನು ಕುರಿ ದನ ಮೇಯ್ದು, ಬೆಂಕಿಗೆ ಹರಡಲು ದಾರಿ ಸಿಗದು. 1933ರ ನಂತರ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಮರುವರ್ಷವೇ ಬರ. ಈ ಎರಡು ವರ್ಷಗಳ ಮುಂದಿನ ಬೇಸಿಗೆಗಳಿಗೆ ಬೆಂಕಿಯ ಒಂದೇ ಅಂಕ ಕೊಡುವುದು ಸರಿಯಲ್ಲ. ಲಂಟಾನ ಇರುವ ಕಡೆ ಮಾತ್ರ ಈ ಲೆಕ್ಕ ಕೆಡುತ್ತದೆ. ಹುಲ್ಲಿಲ್ಲದಿದ್ದರೂ ಅದರ ಕಡ್ಡಿ ಉರಿಯುತ್ತದೆ, ಬೆಂಕಿಯನ್ನು ಮರದ ನೆತ್ತಿಗೆ ಹತ್ತಿಸುತ್ತದೆ, ಸುಟ್ಟ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ.

ಆದ್ದರಿಂದ ಪಟ್ಟಿಯನ್ನು ಕಾಡು ಕೊಡುವ ಪ್ರಯೋಜನದಿಂದ ಶುರುಮಾಡಿ: ಕೆರೆಯ ನೀರು, ಮೇವು, ಸೀತಾಫಲ, ಹುಣಸೆ, ಸೌದೆ, ಕಾಡುಪ್ರಾಣಿಗಳ ನೆಲೆ. ಪ್ರತಿಯೊಂದಕ್ಕೂ ಅಳತೆ ಬೇಕು. ಮೇವಿಗೆ, ಹುಲ್ಲು ಬಲಿತ ಅಕ್ಟೋಬರ್‌-ನವೆಂಬರ್‌ನಲ್ಲಿ 1 ಮೀ. ಚೌಕಗಳನ್ನು ಹತ್ತಾರು ಕಡೆ ಹಾಕಿ, ಕೊಯ್ದು, ಒಣಗಿಸಿ ತೂಗಿ. ಚದರ ಮೀಟರಿಗೆ ಎಷ್ಟು ಗ್ರಾಂ ಬಂತೋ ಅದರ ಹತ್ತರಷ್ಟು ಕಿಲೋ ಹೆಕ್ಟೇರಿಗೆ. ಹುಲ್ಲು ಚೆನ್ನಾಗಿರುವ ಜಾಗವನ್ನೇ ಆರಿಸಿಕೊಂಡರೆ ಅಳತೆ ಸುಳ್ಳಾಗುತ್ತದೆ. ಮೊದಲೇ ನಕ್ಷೆಯಲ್ಲಿ ಗುರುತು ಹಾಕಿ ಹೋಗಿ. ನೀರು ಇಂಗುವುದಕ್ಕೆ 30 ಮತ್ತು 60 ಸೆಂ.ಮೀ. ವ್ಯಾಸದ ಎರಡು ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ನೆಲಕ್ಕೆ ಬಡಿದು, ಎರಡಕ್ಕೂ ನೀರು ತುಂಬಿ, ಒಳಬಳೆಯ ನೀರು ಗಂಟೆಗೆ ಎಷ್ಟು ಮಿ.ಮೀ. ಇಳಿಯುತ್ತದೆ ನೋಡಿ. ಇಳಿಯುವ ವೇಗ ಒಂದೇ ಮಟ್ಟಕ್ಕೆ ನಿಲ್ಲುವ ತನಕ ಕಾಯಬೇಕು. ಮೊದಲ ಹತ್ತು ನಿಮಿಷದ ಅಂಕಿ ಸಾಮಾನ್ಯವಾಗಿ ಹೆಚ್ಚು ತೋರುತ್ತದೆ. ಹೊರಬಳೆ ಇಲ್ಲದಿದ್ದರೆ ನೀರು ಪಕ್ಕಕ್ಕೆ ಸರಿದು ಮೋಸವಾಗುತ್ತದೆ. ಸುಟ್ಟ ಮತ್ತು ಸುಡದ ಇಳಿಜಾರು ಎರಡರಲ್ಲೂ ಮಾಡಿ. ಜೋಗಿಮಟ್ಟಿ ವನ್ಯಜೀವಿಧಾಮದ ಗಡಿಯೊಳಗೆ ಇದಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಪೆಟ್ಟುಗಳ ಇತಿಹಾಸಕ್ಕೆ, ಮಳೆಯ ದಾಖಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿಂದ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸಿಗುತ್ತದೆ. ಉಪಗ್ರಹದ ಬೆಂಕಿ ಎಚ್ಚರಿಕೆಯಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 375 ಮೀ. ಚೌಕದಲ್ಲಿ ಎಲ್ಲೋ ಉರಿ ಕಂಡಿದೆ ಎಂದಷ್ಟೇ, ಇಡೀ ಚೌಕ ಸುಟ್ಟಿದೆ ಎಂದಲ್ಲ. ಉಪಗ್ರಹ ಹಾದುಹೋಗುವ ನಡುವೆ ಹತ್ತಿ ಆರಿದ ಹುಲ್ಲಿನ ಬೆಂಕಿ ಅದಕ್ಕೆ ಕಾಣುವುದೇ ಇಲ್ಲ. ಎಲ್ಲಿ ಎಷ್ಟು ಸುಟ್ಟಿದೆ ಎಂದು ಉಪಗ್ರಹ ಚಿತ್ರದಿಂದ ತೋರಿಸುವ ನಕ್ಷೆಯಲ್ಲಿ ಇನ್ನೊಂದು ತೊಡಕಿದೆ: ಫೆಬ್ರವರಿ-ಮಾರ್ಚ್‌ನಲ್ಲಿ ಎಲೆ ಉದುರಿಸುವ ನಮ್ಮ ಮರಗಳು ಬೆಂಕಿ ತಾಗದೆಯೂ ಸುಟ್ಟಂತೆ ಕಾಣಬಹುದು. ಅದೇ ದಿನದ ಸುಡದ ಪಕ್ಕದ ಜಾಗದ ಜೊತೆ ಹೋಲಿಸಿ.

ಈಗ ಕೋಷ್ಟಕ. ಅಡ್ಡಸಾಲಿಗೆ ಒಂದೊಂದು ಪ್ರಯೋಜನ. ಉದ್ದಸಾಲಿಗೆ ಬಿಡಿ ಪೆಟ್ಟಿನ ಬದಲು ಸರಣಿ: ಒಳ್ಳೆ ಮಳೆ–ಬೆಂಕಿ–ರಭಸದ ಮಳೆ, ಬರ–ಬರ, ಲಂಟಾನ–ಬೆಂಕಿ–ಲಂಟಾನ. ಕೋಷ್ಟಕದ ಪ್ರತಿ ಚೌಕದಲ್ಲೂ ಮೂರು ಸಂಗತಿ ಬರೆಯಿರಿ: ಕಳೆದ ಹತ್ತು ವರ್ಷಗಳಲ್ಲಿ ಈ ಸರಣಿ ಎಷ್ಟು ಸಲ ಬಂತು, ಪ್ರಯೋಜನದ ಎಷ್ಟು ಭಾಗ ಸರಣಿ ಬಂದ ಜಾಗವನ್ನು ನಂಬಿದೆ, ಚೇತರಿಕೆಗೆ ಎಷ್ಟು ಹಂಗಾಮು ಬೇಕು. ಒಂದೇ ಬೆಂಕಿಗೆ ಮೇವು ಮುಂದಿನ ಮಳೆಗಾಲಕ್ಕೇ ಚೇತರಿಸಿಕೊಳ್ಳಬಹುದು. ಚಿಗುರು ಸುಟ್ಟ ಸೀತಾಫಲದ ಆ ವರ್ಷದ ಫಸಲು ಹೋಯಿತು. ಕೆರೆಗೆ ಬಿದ್ದ ಹೂಳು ತಾನಾಗಿ ಎದ್ದು ಹೋಗುವುದಿಲ್ಲ. ತಾನಾಗಿ ಚೇತರಿಸಿಕೊಳ್ಳದ ಸಾಲಿಗೇ ಮೊದಲ ಗಮನ ಎಂಬುದು ನಮ್ಮ ಖಚಿತ ಅಭಿಪ್ರಾಯ. ರೂಪಾಯಿ ಲೆಕ್ಕಕ್ಕೆ ಅವಸರ ಬೇಡ. ಹೂಳೆತ್ತುವ ಖರ್ಚನ್ನೂ ಕೆರೆಯ ನೀರಿನ ನಷ್ಟವನ್ನೂ ಸೇರಿಸಿದರೆ ಒಂದೇ ನಷ್ಟ ಎರಡು ಸಲ ಎಣಿಕೆಯಾಗುತ್ತದೆ.

ನಿಮ್ಮೂರಿನ ಮಟ್ಟಿಗೆ, ಕೆರೆಗೆ ನೀರು ಹರಿಸುವ ಇಳಿಜಾರಿನ ಬೆಂಕಿ ರೇಖೆಗಳನ್ನು (ಬೆಂಕಿ ದಾಟದಂತೆ ಹುಲ್ಲು, ತರಗು ತೆಗೆದ ಪಟ್ಟಿಗಳನ್ನು) ಜನವರಿಗೆ ಮೊದಲೇ ತೆಗೆಯುವಂತೆ ಇಲಾಖೆಯನ್ನು ಕೇಳಿ. ಅಲ್ಲಿನ ಲಂಟಾನವನ್ನು ಮಳೆಗೆ ಮುಂಚೆ ಒಂದೇ ಸಲ ಬೋಳಿಸಬೇಡಿ. ಸದ್ಯಕ್ಕೆ ಮಣ್ಣಿಗೆ ಅದೇ ಹೊದಿಕೆ. ಪಟ್ಟಿಪಟ್ಟಿಯಾಗಿ ತೆಗೆಯುತ್ತಾ, ಬೇರನ್ನು ನೆಲಮಟ್ಟದಿಂದ 3–5 ಸೆಂ.ಮೀ. ಕೆಳಗೆ ಕಡಿದು ಬುಡಮೇಲಾಗಿ ಒಣಹಾಕಿ, ತೆರವಾದ ಜಾಗದಲ್ಲಿ ಹುಲ್ಲು ಬಿತ್ತಿ. ಬೆಂಕಿ ಬಿದ್ದೇ ಬಿಟ್ಟರೆ ಸುಟ್ಟ ಕೊಂಬೆಗಳನ್ನು ಮೊದಲ ಮಳೆಗೆ ಮುನ್ನ ಇಳಿಜಾರಿಗೆ ಅಡ್ಡಲಾಗಿ, ನೆಲಕ್ಕೆ ತಾಗುವಂತೆ ಮಲಗಿಸಬೇಕು. ಕೆಳಗೆ ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗಿ ಕೊರಕಲು ಮಾಡುತ್ತದೆ. ಕೋಷ್ಟಕ ತುಂಬಿದ ಮೇಲೆ ಕಳುಹಿಸಿ, ಸಾಲು ಸಾಲಾಗಿ ನೋಡಿ ಉತ್ತರಿಸುತ್ತೇವೆ.

– ಸಂ.