ಕೇಳಿ, ಹೇಳುತ್ತೇವೆ: ಆಳಿಲ್ಲದೆ ಅಲೆದ ಹಡಗು

ಪ್ರಶ್ನೆ: ನಾವಿಕರೇ ಇಲ್ಲದ ಸರಕು ಹಡಗೊಂದು ಉತ್ತರ ಧ್ರುವದ ಕಡಲಿನಲ್ಲಿ 38 ವರ್ಷ ತಾನಾಗಿಯೇ ಸುತ್ತಿತು ಎಂದು ವಿಡಿಯೊವೊಂದರಲ್ಲಿ ನೋಡಿದೆ. ನಿಜವೇ? ಯಾರೂ ಅದನ್ನು ಎಳೆದು ದಡ ಸೇರಿಸಲಿಲ್ಲವೇಕೆ? ಈಗಲೂ ಇದೆಯೇ?
– ಓದುಗರು, ಹೊನ್ನಾವರ

ಉತ್ತರ: ನಿಜ. ‘ದೆವ್ವದ ಹಡಗು’ ಎಂಬ ಬಿರುದು ಮಾತ್ರ ನಮ್ಮಂಥ ಪತ್ರಿಕೆಯವರು ಅಂಟಿಸಿದ್ದು. ಅದರ ಹೆಸರು ಬೇಚಿಮೊ. 1914ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಜರ್ಮನ್ ಕಂಪನಿಯೊಂದಕ್ಕಾಗಿ ಕಟ್ಟಿದ, 1,322 ಟನ್ನಿನ, ಸುಮಾರು 70 ಮೀಟರ್ ಉದ್ದದ ಉಗಿಹಡಗು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಅದನ್ನು ಯುದ್ಧಪರಿಹಾರವಾಗಿ ಬ್ರಿಟನ್ನಿಗೆ ಒಪ್ಪಿಸಿತು. 1921ರಲ್ಲಿ ಚರ್ಮದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಕೈಸೇರಿತು. ಕೆನಡಾದ ಉತ್ತರ ತುದಿಯ ಮೂಲನಿವಾಸಿಗಳಾದ ಇನ್ಯೂಟ್ ಜನರ ನೆಲೆಗಳಿಗೆ ದಿನಸಿ, ಸಾಮಾನು ಒಯ್ದು, ಬದಲಿಗೆ ಪ್ರಾಣಿಗಳ ತುಪ್ಪುಳುಚರ್ಮ ತುಂಬಿಕೊಂಡು ಬರುವುದು ಅದರ ಕೆಲಸ.

1931ರ ಅಕ್ಟೋಬರ್ 1ರಂದು ಅಲಾಸ್ಕಾದ ಬ್ಯಾರೋ ಊರಿನ ಬಳಿ ಅದು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿತು. ಒಮ್ಮೆ ಬಿಡಿಸಿಕೊಂಡು ವಾರದೊಳಗೆ ಮತ್ತೆ ಸಿಕ್ಕಿತು. 22 ಮಂದಿಯನ್ನು ವಿಮಾನದಲ್ಲಿ ಕರೆದೊಯ್ದರು. ಉಳಿದ 15 ಮಂದಿ ಸರಕು ಬಿಟ್ಟು ಹೋಗಲಾರದೆ, ಹಡಗು ಕಾಣುವಷ್ಟು ದೂರದಲ್ಲಿ ಮರದ ಗುಡಿಸಲು ಹಾಕಿ ಕಾವಲು ಕುಳಿತರು. ನವೆಂಬರ್ 24ರಂದು ಹಿಮದ ಬಿರುಗಾಳಿ ಎದ್ದಿತು. ಗಾಳಿ ತಗ್ಗಿದ ಮೇಲೆ ಹೊರಬಂದು ನೋಡಿದರೆ ಹಡಗೇ ಇಲ್ಲ! ಮುಳುಗಿಹೋಯಿತೆಂದು ಕಪ್ತಾನ ಜಾನ್ ಕಾರ್ನ್‌ವೆಲ್ ಆಸೆ ಬಿಟ್ಟರು. ಕೆಲವೇ ದಿನಗಳಲ್ಲಿ ಸೀಲ್ ಬೇಟೆಗಾರನೊಬ್ಬ ಬಂದು, ಸುಮಾರು 45 ಮೈಲಿ ಆಚೆ ಅದನ್ನು ಕಂಡೆ ಎಂದ. ಹುಡುಕಿಕೊಂಡು ಹೋದರು. ಬೆಲೆಬಾಳುವ ಚರ್ಮಗಳನ್ನು ಇಳಿಸಿಕೊಂಡು, ಈ ಚಳಿಗಾಲವನ್ನು ಇದು ದಾಟಲಾರದು ಎಂದು ಹಡಗನ್ನು ಅಲ್ಲೇ ಬಿಟ್ಟು ಬಂದರು.

ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಮಾಲು ಕೈಸೇರಿದ ಮೇಲೆ ವ್ಯಾಪಾರಿಗೆ ಬರಿದಾದ ಹಡಗಿನ ಗೊಡವೆ ಏಕೆ? ಉಳಿದರ್ಧ ಮಂಜಿನದು. ಎಳೆದು ತರಲು ಹೋದ ಹಡಗೂ ಅಲ್ಲೇ ಸಿಕ್ಕಿಕೊಂಡರೆ? 1933ರಲ್ಲಿ ಬೇಚಿಮೊವನ್ನು ಏರಿದ ಸ್ಥಳೀಯರ ಗುಂಪೊಂದು ಬಿರುಗಾಳಿಯಿಂದಾಗಿ ಹತ್ತು ದಿನ ಅದರೊಳಗೇ ಉಳಿಯಬೇಕಾಯಿತು. 1939ರಲ್ಲಿ ಹ್ಯೂ ಪೋಲ್ಸನ್ ಎಂಬ ಕಪ್ತಾನರು ಅದನ್ನು ಎಳೆದು ತರುವ ಆಸೆಯಿಂದ ಹತ್ತಿದರು. ಮಂಜುಗಡ್ಡೆಗಳು ಒತ್ತಿಕೊಂಡು ಬಂದದ್ದರಿಂದ ಕೈಬಿಟ್ಟು ಇಳಿದರು. ಒಲೆಗೆ ಕಲ್ಲಿದ್ದಲು ಹಾಕುವವರಿಲ್ಲದ ಹಡಗು ಓಡುವುದಾದರೂ ಹೇಗೆ? ಮಂಜು ಹಿಡಿದಾಗ ಮಂಜಿನ ಜೊತೆ, ಬಿಟ್ಟಾಗ ಗಾಳಿ, ನೀರಿನ ಸೆಳೆತ ಒಯ್ದತ್ತ ಸಾಗಿತು, ಅಷ್ಟೇ. ಅದಕ್ಕೆ ದೆವ್ವ ಬೇಕಿಲ್ಲ.

ಕೊನೆಯ ಸಲ ಕಂಡದ್ದು 1969ರಲ್ಲಿ, ಇನ್ಯೂಟರಿಗೆ, ಮತ್ತೆ ಮಂಜಿನಲ್ಲಿ ಸಿಲುಕಿದ ಸ್ಥಿತಿಯಲ್ಲಿ. 2006ರಲ್ಲಿ ಅಲಾಸ್ಕಾ ಸರ್ಕಾರವೂ ಹುಡುಕಾಟಕ್ಕೆ ಕೈಹಾಕಿತು. ಹಡಗು ಸಿಕ್ಕಿಲ್ಲ. ‘ಇಂದಿಗೂ ಅಲೆಯುತ್ತಿದೆ’ ಎಂದು ನಿಮ್ಮ ವಿಡಿಯೊ ಹೇಳಿದ್ದರೆ, ಅದಕ್ಕೆ ಆಧಾರವಿಲ್ಲ.