ಕಿವಿ ಕೇಳಲ್ವಾ ನಿನಗೆ?

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟ ಅಂತ ಕರೆಯೋಣ. ಆಗ ಅವನಿಗೆ 22 ತಿಂಗಳು. ಎರಡೂ ಕಿವಿ ಮಂದ ಎಂದು ಗೊತ್ತಾಗಿ ಆರು ವಾರ, ಕಿವಿಗೆ ಮಷಿನ್ ಬಂದು ಮೂರು ವಾರ ಆಗಿತ್ತು. ಆದರೆ ಮಷಿನ್ ದಿನಕ್ಕೆ ಎರಡು ಗಂಟೆಯೂ ಕಿವಿಯಲ್ಲಿ ಇರುತ್ತಿರಲಿಲ್ಲ. ಎಷ್ಟು ಹೊತ್ತು ಹಾಕಿದ್ದರು ಅನ್ನೋದನ್ನ ಈಗಿನ ಮಷಿನ್‌ಗಳೇ ಲೆಕ್ಕ ಇಟ್ಟುಕೊಳ್ಳುತ್ತವೆ. ಆ ಲೆಕ್ಕ ನೋಡಿ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡಿ ಮಷಿನ್ ಕೊಡುವವರು, ಪುಟ್ಟನನ್ನೂ ಅವನ ಅಪ್ಪ ಅಮ್ಮನನ್ನೂ ಸಲಹೆಗೆ ನನ್ನ ಹತ್ತಿರ ಕಳಿಸಿದ್ದರು.

ಒಳಗೆ ಬಂದು ಐದು ನಿಮಿಷ ಆಗಿರಲಿಲ್ಲ. ಪುಟ್ಟ ಮೂಲೆಯಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಅಮ್ಮ ಅವನ ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರು. ಸ್ವಲ್ಪ ಜೋರಾಗಿ ಕರೆದರು. ಆಮೇಲೆ ಚಪ್ಪಾಳೆ ತಟ್ಟಿದರು. ಅವನು ತಿರುಗಿ ನೋಡಿದ. ಅಮ್ಮ ಅವನಿಗೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ, "ನೋಡಿದ್ರಾ ಮೇಡಂ, ಚಪ್ಪಾಳೆಗೆ ತಿರುಗ್ತಾನೆ" ಅಂದರು. ಪುಟ್ಟ ಒಂದು ಕ್ಷಣ ಅವರ ಮುಖವನ್ನೇ ನೋಡಿ ಮತ್ತೆ ಮುಚ್ಚಳಕ್ಕೆ ಮರಳಿದ. ಅರ್ಧ ಗಂಟೆಯಲ್ಲಿ ಇದು ನಾಲ್ಕು ಸಲ ನಡೆಯಿತು. ನಾಲ್ಕನೇ ಸಲ ಚಪ್ಪಾಳೆಗೂ ತಿರುಗಲಿಲ್ಲ. ಯಾಕೆ ತಿರುಗಬೇಕು? ತಿರುಗಿದಾಗಲೆಲ್ಲ ಅಲ್ಲಿ ಅವನಿಗೆ ಅಂತ ಏನೂ ಇರಲಿಲ್ಲ.

ಮನೆಯಲ್ಲೂ ಇದೇ ಕಥೆ. ಅಮ್ಮ ತಟ್ಟೆ ಬಡಿಯುತ್ತಾರೆ, ಅಜ್ಜಿ ಬೀಗದ ಕೈ ಅಲ್ಲಾಡಿಸುತ್ತಾರೆ, ಅಪ್ಪ ಫೋನಿನಲ್ಲಿ ಹಕ್ಕಿ ಕೂಗಿಸುತ್ತಾರೆ. ಬೆಳಗಿಂದ ರಾತ್ರಿವರೆಗೆ ಪರೀಕ್ಷೆ.

ಇವರನ್ನು ಗೊಂದಲಕ್ಕೆ ತಳ್ಳಿದ್ದು ಒಂದೇ ವಿಷಯ. ಬಾಗಿಲು ಧಡಾರನೆ ಬಡಿದರೆ ಪುಟ್ಟ ಬೆಚ್ಚುತ್ತಾನೆ, ನಾಯಿ ಬೊಗಳಿದರೆ ಕಿಟಕಿಗೆ ಓಡುತ್ತಾನೆ. ಹಾಗಾದ್ರೆ ಕೇಳುತ್ತೆ ಅಲ್ವಾ? ಕೇಳುತ್ತೆ, ಆದರೆ ತುಂಡು ತುಂಡಾಗಿ. ಅವನ ವರದಿಯಲ್ಲಿ ದಪ್ಪ ಸ್ವರದ ಸದ್ದುಗಳು 30 ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನೋದರ ಅಳತೆ) ಹತ್ತಿರವೇ ಕೇಳಲು ಶುರುವಾಗುತ್ತವೆ. ಸಣ್ಣ ಕೀಚು ಸ್ವರದವು 60 ದಾಟಬೇಕು. 'ಸ', 'ಶ' ಇರುವುದು ಆ ಕೀಚು ಸ್ವರದ ಕಡೆ. ಅವರಿಗೆ ಒಂದು ಉದಾಹರಣೆ ಕೊಟ್ಟೆ: "ನೀವು 'ಸಾಕು' ಅಂದರೂ 'ಹಾಕು' ಅಂದರೂ ಅವನಿಗೆ ಹೆಚ್ಚುಕಮ್ಮಿ 'ಆಕು' ಅಂತಲೇ ತಲುಪುತ್ತೆ." ಅಪ್ಪ ಆವರೆಗೂ ಸುಮ್ನೆ ಕೂತಿದ್ದರು. ಈಗ ತಲೆ ಎತ್ತಿ, "ಅದಕ್ಕೇನಾ ಆಟಿಕೆ ಡಬ್ಬಿ ಗಲಾಟೆ?" ಅಂದರು. ಡಬ್ಬಿಗೆ ಗೊಂಬೆ 'ಹಾಕು' ಅಂದರೆ ಪುಟ್ಟ ಆಟ ನಿಲ್ಲಿಸಿ ಎದ್ದು ಹೋಗುತ್ತಿದ್ದನಂತೆ. ಹಟಮಾರಿ ಅಂದುಕೊಂಡಿದ್ದರು.

ಅಲ್ಲಿಗೆ ಅಮ್ಮನ ಕಟ್ಟೆ ಒಡೆಯಿತು. ಅತ್ತು ಮುಗಿಸಿ ಹೇಳಿದ ಮಾತು ಇದು: "ಎಷ್ಟು ಸಲ ಬೈದಿದ್ದೀನಿ ಮೇಡಂ, 'ಕಿವಿ ಕೇಳಲ್ವಾ ನಿನಗೆ?' ಅಂತ."

ಈ ಮಾತು ಹೇಳದ ಮನೆ ಯಾವುದಿದೆ? ನಾನೂ ನನ್ನ ಮಗಳಿಗೆ ಹೇಳಿದ್ದೇನೆ. ಅದನ್ನೇ ಅವರಿಗೆ ಹೇಳಿದೆ. "ನಿಮ್ಮ ತಪ್ಪೇನೂ ಇಲ್ಲ, ಬಿಡಿ" ಅಂತ ತಳ್ಳಿಹಾಕುವ ಸಮಾಧಾನ ಆ ಹೊತ್ತಿಗೆ ನಿಲ್ಲುವುದಿಲ್ಲ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪುಟ್ಟ ಪಾಸಾಗಿದ್ದ. ಹಾಗೆ ಪಾಸಾದ ಮಗುವಿಗೂ ಆಮೇಲೆ ಕಿವಿ ಮಂದವಾಗಬಹುದು. ಮಾತು ತಡವಾಯಿತು ಅಂತ ಅನುಮಾನಪಟ್ಟು, ಮಗುವನ್ನು ಮಲಗಿಸಿ 'ಬೇರಾ' (BERA, ಸದ್ದಿಗೆ ಕಿವಿಯ ನರ ಮತ್ತು ಮೆದುಳು ಹೇಗೆ ಸ್ಪಂದಿಸುತ್ತವೆ ಅಂತ ಅಳೆಯುವ) ಪರೀಕ್ಷೆ ಮಾಡಿಸಿದ್ದು ಇದೇ ಅಮ್ಮ. ಮನೆಯವರೆಲ್ಲ "ಅಪ್ಪನೂ ತಡವಾಗೇ ಮಾತಾಡಿದ್ದು" ಅನ್ನುತ್ತಿದ್ದರೂ ಹಟ ಹಿಡಿದು ಹೋಗಿದ್ದರು. ಅದನ್ನು ನೆನಪಿಸಿದೆ.

ಮೊದಲ ಸಲಹೆ: ಪರೀಕ್ಷೆ ಬಂದ್. ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯೋದು ಆಡಿಯಾಲಜಿಸ್ಟ್ ಕೆಲಸ. ನೀವು ಅವನನ್ನು ಕರೆಯೋದು ಏನಾದರೂ ಹೇಳಲಿಕ್ಕೆ, ತೋರಿಸಲಿಕ್ಕೆ, ಕೊಡಲಿಕ್ಕೆ ಮಾತ್ರ. ತಿರುಗದಿದ್ದರೆ ಕೂಗು ಏರಿಸಬೇಡಿ, ಎದ್ದು ಹತ್ತಿರ ಹೋಗಿ. ದೂರ ಅರ್ಧ ಆದರೆ ಮಾತು ಸುಮಾರು 6 ಡೆಸಿಬೆಲ್ ಜಾಸ್ತಿಯಾಗಿ ತಲುಪುತ್ತದೆ. ಮಷಿನ್ ಹಾಕಿದ್ದರೂ ಕೈಗೆ ಸಿಗುವಷ್ಟು ಹತ್ತಿರವೇ ಒಳ್ಳೆಯದು. ಕುಕ್ಕರಗಾಲಲ್ಲಿ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಮಾತಾಡಿ. ಟೀವಿ ಆಫ್.

ಪುಟ್ಟ ಮಷಿನ್ ಕಿತ್ತು ಹಾಕುವುದಕ್ಕೆ ಕಾರಣ ಬರೀ ತುಂಟತನ ಅಲ್ಲ. ಒಂದು ಕಡೆಯದು ಕೀಂಯ್ ಅನ್ನುತ್ತಿತ್ತು. ಸದ್ದು ಕಿವಿಯಿಂದ ಹೊರಗೆ ಸೋರಿ ಮತ್ತೆ ಮಷಿನ್‌ಗೇ ಹೋದಾಗ ಹಾಗಾಗುತ್ತದೆ. ಕಿವಿಯ ಅಳತೆಗೆ ಮಾಡಿ ಕಿವಿಯೊಳಗೆ ಕೂರಿಸುವ ಅಚ್ಚು ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಕಿವಿ ಬೆಳೆದಿರುತ್ತದೆ. ಈ ವಯಸ್ಸಿನಲ್ಲಿ ಕೆಲವೇ ತಿಂಗಳಿಗೆ ಹೊಸ ಅಚ್ಚು ಬೇಕಾಗುತ್ತದೆ. ಅದನ್ನು ತೋರಿಸಿ ಬನ್ನಿ ಅಂದೆ. ನಿದ್ದೆಯಿಂದ ಎದ್ದು ಖುಷಿಯಾಗಿರುವಾಗ ಹಾಕಿ, ಕಿತ್ತರೆ ಜಗಳ ಮಾಡದೆ ಮತ್ತೆ ಹಾಕಿ, ಅಳುವಾಗ ಬಲವಂತ ಬೇಡ. ನಿದ್ದೆ, ಸ್ನಾನ ಬಿಟ್ಟು ಎಚ್ಚರ ಇರುವಷ್ಟೂ ಹೊತ್ತು ಹಾಕಿರುವ ಹಂತಕ್ಕೆ ಕೆಲವು ವಾರಗಳಲ್ಲಿ ಬರಬೇಕು.

ಅಪ್ಪನಿಗೂ ಒಂದು ಕೆಲಸ ಬೇಕಿತ್ತು. ರಾತ್ರಿಯೆಲ್ಲ ಇಂಟರ್ನೆಟ್ಟಿನಲ್ಲಿ ಹುಡುಕುವುದು, ಹಗಲು ಮಗನ ಕಿವಿ ನೋಡಲೂ ಹೆದರುವುದು, ಹೀಗಿತ್ತು ಅವರ ಪಾಡು. ಬೆಳಗಿನ ತಪಾಸಣೆ ಅವರಿಗೆ ವಹಿಸಿದೆ: ಅಚ್ಚು ಒರೆಸುವುದು, ಬ್ಯಾಟರಿ ನೋಡುವುದು, ಮಷಿನ್ ಸರಿಯಾಗಿ ಮಾತಾಡುತ್ತಿದೆಯಾ ಅಂತ ಸ್ಟೆತಸ್ಕೋಪ್ ಥರದ ಕೊಳವೆ ಹಚ್ಚಿ ತಾವೇ ಕೇಳುವುದು. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಿದೆ. ಬ್ಯಾಟರಿ ಬಾಗಿಲಿಗೆ ಮಕ್ಕಳ ಲಾಕ್ ಇರಲೇಬೇಕು. ಮಗು ಬ್ಯಾಟರಿ ನುಂಗಿದೆ ಅನ್ನಿಸಿದರೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆ.

ಅಜ್ಜಿಗೆ ಇದ್ದ ಭಯ ಬೇರೆ. ಕೈ ಸನ್ನೆ ಮಾಡಿದರೆ ಮಾತು ಬರೋದೇ ಇಲ್ಲ ಅಂತ ಎಲ್ಲರನ್ನೂ ತಡೆಯುತ್ತಿದ್ದರು. ಸನ್ನೆಯಿಂದ ಮಾತು ನಿಲ್ಲುವುದಿಲ್ಲ, ಸನ್ನೆ ಮಾಡುತ್ತಾ ಮಾತಾಡಿ ಅಂತ ಹೇಳಿ ಕಳಿಸಿದೆ.

ಐದು ವಾರದ ನಂತರ ಬಂದರು. ಮಷಿನ್ ಲೆಕ್ಕ ದಿನಕ್ಕೆ ಸರಾಸರಿ ಏಳು ಗಂಟೆ. ಇನ್ನೂ ಜಾಸ್ತಿ ಆಗಬೇಕು. ಸ್ಪೀಚ್ ಥೆರಪಿ ಶುರುವಾಗಿದೆ. ಹೊಸ ಪದ ಎರಡೇ. ಅಪ್ಪನ ಮುಖದಲ್ಲಿ ಆ ಬೇಸರ ಇತ್ತು.

ಪುಟ್ಟ ಮತ್ತೆ ಮೂಲೆಯಲ್ಲಿ, ಅದೇ ಬಾಟಲಿ. ಅಮ್ಮ ಒಂದು ಸಲ ಕರೆದರು. ತಿರುಗಲಿಲ್ಲ. ನನ್ನ ಕಡೆ ನೋಡಲೇ ಇಲ್ಲ ಅವರು, ಎದ್ದು ಹೋಗಿ ಅವನೆದುರು ಕುಕ್ಕರಗಾಲಲ್ಲಿ ಕೂತರು. "ಮುಚ್ಚಳ ಬಿಗಿಯಾಗಿದ್ಯಾ?" ಅಂದರು. ಅವನು ಬಾಟಲಿಯನ್ನು ಅವರ ಕೈಗೆ ಕೊಟ್ಟ.