ಹಗುರ, ಅಗ್ಗ, ಸದ್ದಿಲ್ಲದ್ದು: ಮೂರೂ ಒಟ್ಟಿಗೆ ಕಷ್ಟ
80 ಸಾವಿರದೊಳಗೆ, 2 ಕೆಜಿಗಿಂತ ಹಗುರವಾದ, ಹಾಸ್ಟೆಲ್ ರೂಮಿನಲ್ಲಿ ಸದ್ದು ಮಾಡದ ಗೇಮಿಂಗ್ ಲ್ಯಾಪ್‌ಟಾಪ್ ಕೇಳಿದ್ದೀರಿ. ಒಂದರಲ್ಲಿ ಸ್ವಲ್ಪ ಬಿಟ್ಟುಕೊಡಲೇಬೇಕು. ನಾನಾದರೆ ತೂಕದಲ್ಲಿ ಬಿಡುತ್ತೇನೆ, ಯಾಕಂದ್ರೆ ತೆಳು ಲ್ಯಾಪ್‌ಟಾಪ್‌ನಲ್ಲಿ ಬಿಸಿ ಹೊರಗೆ ಹಾಕಲು ಸಣ್ಣ ಫ್ಯಾನ್ ಜೋರಾಗಿ ತಿರುಗಬೇಕು, ಸದ್ದು ಜಾಸ್ತಿ ಬರುವುದೇ ಅಲ್ಲಿಂದ. ಆರ್‌ಟಿಎಕ್ಸ್ 4050 (ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್) ಅನ್ನೋ ಸ್ಟಿಕ್ಕರ್ ನೋಡಿ ಸುಮ್ನೆ ತಗೋಬೇಡಿ. ಅದೇ ಚಿಪ್ಪನ್ನು ಒಂದು ಮಾಡೆಲ್‌ನಲ್ಲಿ 35 ವ್ಯಾಟ್‌ಗೆ, ಇನ್ನೊಂದರಲ್ಲಿ 115 ವ್ಯಾಟ್‌ವರೆಗೂ ಬಿಟ್ಟಿರುತ್ತಾರೆ, ನೀವು ನೋಡಿರುವುದರಲ್ಲಿ ಎಷ್ಟು ಅಂತ ಕಂಪನಿಯ ಸೈಟಿನಲ್ಲೇ ಹುಡುಕಿ. ವ್ಯಾಟ್ ಜಾಸ್ತಿಯಾದಷ್ಟೂ ವೇಗ ಜಾಸ್ತಿ, ಬಿಸಿಯೂ ಜಾಸ್ತಿ. ನಿಮಗೆ 60-80 ವ್ಯಾಟ್ ಸಾಕು. ಆಮೇಲೆ ಆಟದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ಮಿತಿ ಮಾಡಿ, ಸೈಲೆಂಟ್ ಮೋಡ್ ಹಾಕಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಅಂದ ಹಾಗೆ, ಚಾರ್ಜರ್ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ, ಎಷ್ಟೋ ಸಲ ಅದೇ ಅರ್ಧ ಕೆಜಿ ಇರುತ್ತದೆ.